ಜೋನಿಬೆಲ್ಲ ಮತ್ತು ನಾಲ್ಕು ಜನರ ಮಾತು



ನಮ್ಮ ಸಂಘದಿಂದ ಜೋನಿಬೆಲ್ಲವನ್ನು ಇಂಟರ್‌ನೆಟ್ ಅಂಗಡಿಯಲ್ಲಿ ಮಾರಲು ಹೊರಟಾಗ ನಮಗೊಂದು ಪಾಠವಾಯಿತು. ಪೇಟೆ ಬೀದಿಯಲ್ಲಾದರೆ ಬೋರ್ಡು ಕಾಣುತ್ತೆ. ಇಲ್ಲಿ ಯಾರಾದರೂ ಹೇಳದೆ ಅಂಗಡಿ ಇರೋದೇ ಗೊತ್ತಾಗೋದಿಲ್ಲ. ಜಾಹೀರಾತಿಗೆ ದುಡ್ಡಿರಲಿಲ್ಲ. ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ದೋಸೆ, ತೊಡದೇವು ಅಂತ ಅಡುಗೆ ವಿಷಯ ಬರೆಯುವ ಆರು ಜನರನ್ನು ಆರಿಸಿದೆವು. ಅವರ ಬರಹ ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆದು, ತಲಾ ಒಂದು ಬಾಟ್ಲಿ ಕಳಿಸಿದೆವು.

ಇಬ್ಬರು ಚೆನ್ನಾಗಿದೆ ಎಂದು ಬರೆದರು. ಮೂವರು ಸುಮ್ಮನಾದರು. ಒಬ್ಬ ತಾಯಿ ಮಾತ್ರ, ಮುಚ್ಚಳ ತೆಗೆದಾಗ ನೊರೆ ಉಕ್ಕಿತು, ಹುಳಿ ವಾಸನೆ ಬಂತು ಅಂತ ಬರೆದುಬಿಟ್ಟರು!

ದುಡ್ಡು ಕೊಟ್ಟು ಹೊಗಳಿಕೆ ಬರೆಸೋಣ ಎಂಬ ಮಾತೂ ಸಭೆಯಲ್ಲಿ ಬಂತು. ನಾವು ಒಪ್ಪಲಿಲ್ಲ. ಪಾಕ ಬಲಿಯುವ ಮುಂಚೆ ಇಳಿಸಿದ್ದರಿಂದ ನೀರಿನಂಶ ಉಳಿದು ಹುಳಿ ಬಂದಿತ್ತು. ತಪ್ಪು ನಮ್ಮ ಕೊಪ್ಪರಿಗೆಯದು. ಕ್ಷಮೆ ಕೇಳಿ ಬೇರೆ ಬಾಟ್ಲಿ ಕಳಿಸಿದೆವು. ಅದನ್ನೂ ಆ ತಾಯಿ ಬರೆದರು. ಅದನ್ನು ಓದಿಯೇ ಹೆಚ್ಚು ಆರ್ಡರು ಬಂದವು.

ಕಾನೂನೂ ಇದೆ. ಉಚಿತವಾಗಿ ಪಡೆದು ಹೊಗಳುವವರು ಅದನ್ನು ತಿಳಿಸಬೇಕೆಂದು 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಸದಸ್ಯರಲ್ಲಿ ನಮ್ಮ ವಿನಂತಿ ಒಂದೇ: ಪಾಕ ಬಲಿಯದೆ ಬೆಲ್ಲ ತರಬೇಡಿ. ಒಬ್ಬರ ಅವಸರಕ್ಕೆ ಇಡೀ ಸಂಘದ ಹೆಸರು ಕೆಡುತ್ತೆ. ಬೆಲ್ಲ ಸರಿಯಿದ್ದರೆ ನಾಲ್ಕು ಜನ ತಾವಾಗಿಯೇ ಹೇಳುತ್ತಾರೆ.