ವಿಶೇಷ ಅಗತ್ಯವುಳ್ಳ ತರುಣರೂ ಅವರ ಮುಂದಿನ ಬಾಳೂ

(ಜರಗನಹಳ್ಳಿಯಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಮಂಗಳಮಹೋತ್ಸವದಲ್ಲಿ ಮಾತನಾಡುವ ಯೋಗ್ಯತೆ ನನಗುಂಟೆಂದು ನಾನು ಎಂದೂ ಭಾವಿಸಿದವನಲ್ಲ. ಶ್ರೀಮಠದ ಅಪ್ಪಣೆಯನ್ನು ಮೀರಲಾರದೆ ನಿಂತಿದ್ದೇನೆ. ನಾನು ಬಹುಕಾಲ ಮಕ್ಕಳಿಗೆ ಪಾಠ ಹೇಳಿದವನು. ಈ ಜರಗನಹಳ್ಳಿಯ ನಿವಾಸಿ. ಅದೆಲ್ಲಕ್ಕಿಂತ ಮುಖ್ಯವಾಗಿ, ಬೌದ್ಧಿಕ ವಿಕಲತೆಯುಳ್ಳ ಒಬ್ಬ ಮಗನ ತಂದೆ. ಈ ಕಡೆಯ ಅಧಿಕಾರದಿಂದಲೇ ಇಂದು ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಇಂತಹ ಮಕ್ಕಳ ತಂದೆತಾಯಿಗಳು ಒಬ್ಬರನ್ನೊಬ್ಬರು ಕಂಡಾಗ ಬಾಯಿಗೆ ಬರುವ ಮಾತು ಒಂದೇ: “ನಮ್ಮ ಕಾಲಾನಂತರ ಈ ಮಗುವಿನ ಗತಿಯೇನು?” ಈ ಪ್ರಶ್ನೆಯನ್ನು ನಾನೂ ರಾತ್ರಿಗಳೆಷ್ಟೋ ಕೇಳಿಕೊಂಡೆನು. ಆದರೆ ಅದಕ್ಕೆ ಉತ್ತರವನ್ನು ಸಿದ್ಧಪಡಿಸುವ ಬದಲು, ಉತ್ತರ ದೊರೆಯದಂತೆ ನಾನೇ ಮಾಡುತ್ತಿದ್ದೆನೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಅದು ಹೇಗೆಂದರೆ, ನನ್ನ ಮಗನಿಗೆ ಹದಿನೇಳು ವರ್ಷವಾದಾಗ ನನ್ನ ಮನೆಯವರು ಕಾಯಿಲೆಬಿದ್ದು ಆಸ್ಪತ್ರೆ ಸೇರಿದರು. ನಾನು ಒಂದು ದಿನ ಸಂಜೆ ಅಲ್ಲಿಂದ ಹಿಂದಿರುಗುವುದು ತಡವಾಯಿತು. ಮನೆಗೆ ಬಂದು ನೋಡಿದರೆ ಒಲೆಯ ಬಳಿ ಅನ್ನದ ಪಾತ್ರೆ ಮುಚ್ಚಿದಂತೆಯೇ ಇದೆ. ಹುಡುಗನು ಹಸಿದು ಅದರ ಎದುರಿಗೇ ಕುಳಿತಿದ್ದಾನೆ. ಮುಚ್ಚಳ ತೆಗೆದು ಬಡಿಸಿಕೊಳ್ಳಲು ಅವನ ಕೈಗೆ ಶಕ್ತಿಯಿಲ್ಲದಿರಲಿಲ್ಲ. ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ನಾವು ಅವನ ಕೈಗೆ ಸೌಟನ್ನು ಕೊಟ್ಟಿರಲಿಲ್ಲ, ಅಷ್ಟೆ. ಪಾಪದ ಮಗುವೆಂದು ಉಣಿಸಿದೆವು, ಉಡಿಸಿದೆವು, ಅವನ ಪರವಾಗಿ ಮಾತನ್ನೂ ಆಡಿದೆವು. ಅದನ್ನು ಪ್ರೀತಿಯೆಂದು ತಿಳಿದಿದ್ದೆವು. ಅಂದು ನನಗೆ ಅವನ ವಿಕಲತೆಗಿಂತ ನನ್ನ ಅವಿವೇಕವೇ ದೊಡ್ಡದಾಗಿ ಕಂಡಿತು.

ಬಂಧುಗಳೇ, ಕರುಣೆ ಬೇರೆ, ಸಿದ್ಧತೆ ಬೇರೆ. ಇದನ್ನು ಕಲಿಯಲು ನಾವು ಪರದೇಶದ ಕಡೆ ನೋಡಬೇಕಾಗಿಲ್ಲ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳವರು, ದೃಷ್ಟಿಯಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಸಂಗೀತ ಶಿಕ್ಷಣವನ್ನು ಕೊಡಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು (1892–1944) ನಾಡಿಗೆಲ್ಲ ಪರಿಚಿತರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಸಹ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು. ಕೊನೆಯ ವರ್ಷದಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರೂ ಅನಾಥರೂ ಆದ ಬಾಲಕರಿಗೆ ಅನ್ನ ವಸತಿಗಳು ದೊರೆತವು. ಅನ್ನದ ಜೊತೆಗೆ ಹಾರ್ಮೋನಿಯಂ, ತಬಲ, ಪಿಟೀಲುಗಳೂ ಅವರ ಕೈಗೆ ಬಂದವು. ಅಲ್ಲಿ ಕಲಿತವರು ಗಾಯಕರಾಗಿ, ಸಂಗೀತದ ಅಧ್ಯಾಪಕರಾಗಿ ಸ್ವಂತ ಸಂಪಾದನೆಯಿಂದ ಬಾಳಿದರು. ಗುರುಗಳು ಅವರಿಗೆ ಊಟವನ್ನಷ್ಟೇ ನೀಡಿ ಸುಮ್ಮನಿದ್ದಿದ್ದರೆ ಆ ಮಕ್ಕಳು ಜೀವನಪರ್ಯಂತ ಪಂಕ್ತಿಯ ಕೊನೆಯಲ್ಲಿ ಕುಳಿತಿರುತ್ತಿದ್ದರು. ಕಾಯಕವನ್ನು ಕಲಿಸಿದುದರಿಂದ ತಾವೇ ದಾಸೋಹ ಮಾಡಬಲ್ಲವರಾದರು.

“ಕಣ್ಣಿಲ್ಲದವರಿಗೆ ಬುದ್ಧಿ ಚುರುಕಾಗಿತ್ತು; ಬುದ್ಧಿಯೇ ಮಂದವಾಗಿದ್ದರೆ ಏನು ಮಾಡುವುದು?” ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಎಲ್ಲರೂ ಗವಾಯಿಗಳಾಗುವುದಿಲ್ಲ, ನನ್ನ ಮಗನೂ ಆಗಲಿಲ್ಲ. ಆದರೆ ಕ್ರಮವು ಒಂದೇ. ಮಗುವಿಗೆ ಯಾವುದು ಬಾರದೆಂದು ಎಣಿಸುವುದನ್ನು ಬಿಟ್ಟು ಯಾವುದು ಬರುತ್ತದೆಂದು ಹುಡುಕಬೇಕು. ಅದನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಸಾವಧಾನದಿಂದ, ದಿನವೂ ಮಾಡಿಸಬೇಕು.

ಇದಕ್ಕೆ ನಾನು ಕಂಡ ದೃಷ್ಟಾಂತವನ್ನೇ ಹೇಳುತ್ತೇನೆ. ನನ್ನ ಮಗನು ಈಗ ಬನಶಂಕರಿಯ ಒಂದು ಬೇಕರಿಯಲ್ಲಿ ಬನ್ನುಗಳನ್ನು ಪೊಟ್ಟಣ ಕಟ್ಟುತ್ತಾನೆ. ಅವನಿಗೆ ಆರರವರೆಗೆ ತಪ್ಪಿಲ್ಲದೆ ಎಣಿಸಲು ಬಾರದು. ಮೊದಮೊದಲು ಒಂದರಲ್ಲಿ ಐದು, ಇನ್ನೊಂದರಲ್ಲಿ ಎಂಟು ಬನ್ನುಗಳು ಬೀಳುತ್ತಿದ್ದವು. ಅಂಗಡಿಯ ಯಜಮಾನರು ಅವನನ್ನು ಕಳುಹಿಸಿಬಿಡಲಿಲ್ಲ. ಒಂದು ಹಲಗೆಯ ಮೇಲೆ ಆರು ವೃತ್ತಗಳನ್ನು ಬರೆದು ಮುಂದಿಟ್ಟರು. ವೃತ್ತಕ್ಕೆ ಒಂದರಂತೆ ಇಡುವುದು, ಎಲ್ಲವೂ ತುಂಬಿದೊಡನೆ ಪೊಟ್ಟಣಕ್ಕೆ ಸುರಿಯುವುದು. ಅಂದಿನಿಂದ ಲೆಕ್ಕ ತಪ್ಪಿದುದಿಲ್ಲ. ಎಣಿಕೆಯನ್ನು ಅವನ ತಲೆಯಿಂದ ಇಳಿಸಿ ಹಲಗೆಯ ಮೇಲೆ ಇಟ್ಟರು, ಅಷ್ಟೆ. ವಿಶೇಷ ಶಿಕ್ಷಣವೆಂಬುದರ ಸಾರವೆಲ್ಲವೂ ಆ ಹಲಗೆಯಲ್ಲಿದೆಯೆಂದು ನಾನು ತಿಳಿದಿದ್ದೇನೆ.

ಕೆಲಸಕ್ಕೆ ಹೋಗುವ ದಾರಿಯೂ ಪಾಠವೇ. ಯಲಚೇನಹಳ್ಳಿಯವರೆಗಿನ ಮೆಟ್ರೋ ರೈಲು 2017ರಲ್ಲಿ ಆರಂಭವಾದುದು ನಮಗೆ ದೊಡ್ಡ ಅನುಕೂಲವಾಯಿತು. ಅಲ್ಲಿ ಹತ್ತಿದರೆ ಜೆ.ಪಿ. ನಗರವಾದ ಮೇಲೆ ಬನಶಂಕರಿ. ಮೊದಲು ಕೆಲವು ವಾರ ನಾನು ಅವನ ಕೈಹಿಡಿದು ಹೋದೆನು. ಆಮೇಲೆ ಹತ್ತು ಹೆಜ್ಜೆ ಹಿಂದೆ ನಡೆದೆನು. ಆಮೇಲೆ ಬೇರೆ ಡಬ್ಬಿಯಲ್ಲಿ ಕುಳಿತೆನು. ಕೊನೆಗೆ ನಿಲ್ದಾಣದ ಬಾಗಿಲಲ್ಲಿಯೇ ನಿಂತೆನು. ಒಂದು ದಿನ ಅವನು ಇಳಿಯುವುದನ್ನು ಮರೆತು ಜಯನಗರದವರೆಗೆ ಹೋಗಿಬಿಟ್ಟನು. ಕೊರಳಿನಲ್ಲಿದ್ದ ಚೀಟಿಯನ್ನು ಅಲ್ಲಿಯ ಸಿಬ್ಬಂದಿಗೆ ತೋರಿಸಿದನು. ಅವರು ನನಗೆ ಫೋನು ಮಾಡಿದರು. ಆ ಅರ್ಧ ಗಂಟೆಯಲ್ಲಿ ನನಗಾದ ಸಂಕಟ ಅಷ್ಟಿಷ್ಟಲ್ಲ. ಆದರೆ ದಾರಿ ತಪ್ಪಿದಾಗ ಏನು ಮಾಡಬೇಕೆಂಬ ಪಾಠವನ್ನು ಅವನು ಕಲಿತದ್ದು ಆ ದಿನವೇ.

ಆದಕಾರಣ ತಂದೆತಾಯಿಗಳಲ್ಲಿ ನನ್ನ ಬಿನ್ನಹವೇನೆಂದರೆ, ಹದಿನೆಂಟು ತುಂಬುವವರೆಗೆ ಕಾಯಬೇಡಿರಿ. ಹನ್ನೆರಡು ಹದಿಮೂರರಲ್ಲಿಯೇ ತೊಡಗಿರಿ. ತಟ್ಟೆ ತೊಳೆಯುವುದು, ಬಟ್ಟೆ ಮಡಿಸುವುದು, ಅಂಗಡಿಯಿಂದ ಹಾಲು ತಂದು ಚಿಲ್ಲರೆ ಕೇಳಿ ಪಡೆಯುವುದು, ಇವು ಓದು ಬರಹಕ್ಕಿಂತ ಕಡಿಮೆಯ ವಿದ್ಯೆಗಳಲ್ಲ. ಹೆಣ್ಣುಮಕ್ಕಳಿಗೆ ತಿಂಗಳ ಶುಚಿತ್ವವನ್ನು ನಾಚಿಕೆಯಿಲ್ಲದೆ ಕಲಿಸಿರಿ. ಯಾರಾದರೂ ಸಲ್ಲದ ರೀತಿಯಲ್ಲಿ ಮುಟ್ಟಿದರೆ “ಬೇಡ” ಎಂದು ಕೂಗಲು ಹೆಣ್ಣು ಗಂಡೆನ್ನದೆ ಎಲ್ಲ ಮಕ್ಕಳಿಗೂ ಕಲಿಸಿರಿ. ಯಾವ ಅಂಗಿ ಬೇಕು, ಯಾವ ಕೆಲಸ ಇಷ್ಟವೆಂದು ಮಗುವನ್ನೇ ಕೇಳಿರಿ. ತನ್ನ ಇಚ್ಛೆಯನ್ನು ಹೇಳಲು ಕಲಿಯದವನು ಎಷ್ಟು ವಯಸ್ಸಾದರೂ ಪರಾಧೀನನೇ.

ಕಾನೂನಿನ ಆಸರೆಯನ್ನೂ ತಿಳಿದಿರಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವಿಕಲತೆಗಳನ್ನು ಅಂಗೀಕರಿಸಿದೆ. 1995ರ ಕಾನೂನಿನಲ್ಲಿ ಇದ್ದುದು ಏಳು ಮಾತ್ರ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು. ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಾತಿಯುಂಟು. ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು: ಮಗುವಿಗೆ ಹದಿನೆಂಟು ತುಂಬಿದ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿಗಳು ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆಯುಳ್ಳವರಿಗೆ ಪೋಷಕರು ಅವಶ್ಯವಾದರೆ, 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ವಿಕಲತೆಯ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಡುವುದು ಲೇಸು.

ತರಬೇತಿಗೆ ನಮ್ಮ ನಗರದಲ್ಲಿ ಆಶ್ರಯವಿಲ್ಲದೆ ಇಲ್ಲ. ನಮ್ಮ ನೆರೆಯ ಜೆ.ಪಿ. ನಗರದಲ್ಲಿ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಅದು 1969ರಲ್ಲಿ ಆರಂಭವಾದುದು. ಲಿಂಗರಾಜಪುರದಲ್ಲಿ 1959ರಲ್ಲಿ ಸ್ಥಾಪಿತವಾದ ಎ.ಪಿ.ಡಿ. ಸಂಸ್ಥೆಯು ವಿಕಲಚೇತನ ತರುಣರಿಗೆ ತೋಟಗಾರಿಕೆಯೇ ಮೊದಲಾದ ಕಸುಬುಗಳನ್ನು ಕಲಿಸಿದೆ. ಅದನ್ನು ಕಟ್ಟಿದ ಎನ್.ಎಸ್. ಹೇಮಾ ಅವರು ತಾವೇ ಗಾಲಿಕುರ್ಚಿಯಲ್ಲಿ ಕುಳಿತು ದುಡಿದವರು. ಮಗುವಿನ ಸ್ಥಿತಿಯನ್ನು ಸರಿಯಾಗಿ ಅರಿಯಲು ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಿದೆ.

ಆದರೆ ಸಂಸ್ಥೆಗಳು ಎಷ್ಟಿದ್ದರೇನು? ಕಲಿತವನಿಗೆ ಕೆಲಸ ಕೊಡುವ ಕೈ ಊರಿನಲ್ಲಿಯೇ ಇರಬೇಕು. ಆದುದರಿಂದ ಸದ್ಭಕ್ತರಲ್ಲಿ ಎರಡು ಪ್ರಾರ್ಥನೆಗಳಿವೆ. ಮೊದಲನೆಯದು, ತಮ್ಮಲ್ಲಿ ಅಂಗಡಿ, ಕಾರ್ಖಾನೆ, ತೋಟಗಳುಳ್ಳವರು ಇಂತಹ ಒಬ್ಬೊಬ್ಬ ತರುಣನಿಗಾದರೂ ಸ್ಥಳ ಕೊಡಿರಿ. ದಾನವೆಂದು ಕೊಡಬೇಡಿರಿ; ಕೆಲಸಕ್ಕೆ ತಕ್ಕ ಕೂಲಿಯನ್ನು ಅವನ ಕೈಗೇ ಕೊಡಿರಿ. ನನ್ನ ಮಗನು ಮೊದಲ ಸಂಬಳದಲ್ಲಿ ತನ್ನ ತಾಯಿಗೆ ಒಂದು ಮೊಳ ಮಲ್ಲಿಗೆ ತಂದನು. ಅವನಿಂದ ಅವಳು ಏನನ್ನಾದರೂ ಪಡೆದದ್ದು ಅದೇ ಮೊದಲು. ಎರಡನೆಯದು, ಶ್ರೀಮಠದ ದಾಸೋಹದಲ್ಲಿ ಎಲೆ ಹಾಕುವುದು, ನೀರು ಬಡಿಸುವುದು, ಹೂದೋಟಕ್ಕೆ ನೀರೆರೆಯುವುದು ಮೊದಲಾದ ಸೇವೆಗಳಲ್ಲಿ ಈ ಮಕ್ಕಳಿಗೂ ಪಾಲು ದೊರೆಯಲಿ. ಹತ್ತು ಜನರ ನಡುವೆ ದುಡಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಯಾವುದು?

“ನಮ್ಮ ಕಾಲಾನಂತರ ಗತಿಯೇನು?” ಎಂಬ ಪ್ರಶ್ನೆಯು ಇಂದಿಗೂ ನನ್ನನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಆದರೆ ನಿನ್ನೆಯ ರಾತ್ರಿ ನಾನು ಈ ಮಾತುಗಳನ್ನು ಬರೆಯುತ್ತ ಕುಳಿತಿದ್ದಾಗ, ಹುಡುಗನು ತಾನೇ ಅನ್ನ ಬಡಿಸಿಕೊಂಡು, ನನಗೂ ಒಂದು ತಟ್ಟೆಯನ್ನು ತಂದಿಟ್ಟನು. ಆ ಅನ್ನದ ರುಚಿಯನ್ನು ಈ ಸಭೆಯಲ್ಲಿರುವ ಅಂತಹ ಪ್ರತಿಯೊಬ್ಬ ತಂದೆತಾಯಿಯೂ ಕಾಣುವಂತಾಗಲೆಂದು ಪ್ರಾರ್ಥಿಸುತ್ತೇನೆ.