ಕತ್ತರಿಸಿ ಇಡಬೇಕಾದ ಚಿತ್ರಗಳು

ತಿಂಗಳಿಗೊಮ್ಮೆ ನಮ್ಮ ಕೊಳಕೂರಿಗೆ ರದ್ದಿಯವನು ಬರುತ್ತಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಬ್ಬಿಣದ ಕಲ್ಲು, ಇನ್ನೊಂದರಲ್ಲಿ ಮೂವತ್ತು ದಿನಗಳ ಲೋಕವಾರ್ತೆ. ಮಂತ್ರಿಗಳ ಭಾಷಣ, ಮಾರುಕಟ್ಟೆಯ ಧಾರಣೆ, ಮದುವೆಯ ಜಾಹೀರಾತು ಎಲ್ಲವೂ ಅಲ್ಲಿ ಒಂದೇ ತೂಕ. ಓದುಗ ಮಿತ್ರರೇ, ನಿಮ್ಮ ಮನೆಯಲ್ಲಿಯೂ ಇದೇ ನಡೆಯುತ್ತಿರಬೇಕು. ಆ ರಾಶಿ ತಕ್ಕಡಿಗೆ ಏರುವ ಮೊದಲು ಒಂದು ಗಳಿಗೆ ಕತ್ತರಿಯನ್ನು ಕೈಗೆ ತೆಗೆದುಕೊಳ್ಳಿರಿ ಎಂದು ಕೇಳಿಕೊಳ್ಳುವುದಕ್ಕೇ ಈ ಮಾತು. ಕತ್ತರಿಸಬೇಕಾದದ್ದು ಅಗ್ರಲೇಖನವನ್ನಲ್ಲ, ಮೂಲೆಯಲ್ಲಿ ಕುಳಿತಿರುವ ವ್ಯಂಗ್ಯಚಿತ್ರವನ್ನು, ಒಳಪುಟದ ಚಿತ್ರಕಥೆಯ ಪಟ್ಟಿಯನ್ನು.

ಕನ್ನಡ ಪಂಡಿತನ ಬಾಯಲ್ಲಿ ಇಂಥ ಮಾತೇ ಎಂದು ನೀವು ಹುಬ್ಬೇರಿಸಬಹುದು. ಹುಬ್ಬೇರಿಸುವುದರಲ್ಲಿ ತಪ್ಪಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೆಯೇ ಏರಿಸಿದವನು. ಮಾನ್ಯಖೇಟದ, ಅಂದರೆ ನಮ್ಮ ಜಿಲ್ಲೆಯ ಮಳಖೇಡದ, ನೆಲದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೆಂದು ಎದೆಯುಬ್ಬಿಸಿ ಪಾಠ ಹೇಳುವವನಿಗೆ, ಮುಖವಾಡ ಹಾಕಿಕೊಂಡು ಕಾಡಿನಲ್ಲಿ ಕುದುರೆಯೇರಿ ಓಡುವ ಫ್ಯಾಂಟಮ್ಮನು ಹೇಗೆ ರುಚಿಸಬೇಕು?

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ವ್ಯಾಕರಣದ ಪುಸ್ತಕದೊಳಗೆ ಒಂದು ವಹಿಯನ್ನು ಅಡಗಿಸಿಟ್ಟುಕೊಂಡು ನೋಡುತ್ತಿದ್ದ. ಕಸಿದುಕೊಂಡೆ. ಹಳೆಯ ‘ಸುಧಾ’ ವಾರಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಫ್ಯಾಂಟಮ್ ಕಥೆಗಳು. ಒಳಗೆ ಒಂದು ಪುಟವನ್ನೂ ಸರಿಯಾಗಿ ನೋಡದೆ, ಅದನ್ನು ರದ್ದಿಯ ಕಟ್ಟಿಗೆ ಸೇರಿಸಿಬಿಟ್ಟೆ. ವಾರ ಕಳೆದ ಮೇಲೆ ಶಬ್ದಾರ್ಥದ ಮನೆಪಾಠ ಕೇಳಿದಾಗ ಆ ಹುಡುಗ ಎದ್ದು ನಿಂತು, “ಅದರಾಗೇ ಬರ್ದಿದ್ದೆ ರೀ ಸರ್” ಎಂದ. ಅವನ ಮನೆಮಾತು ಲಂಬಾಣಿ. ಚಿತ್ರದೊಳಗಿನ ಮಾತಿನಲ್ಲಿ ತಿಳಿಯದ ಕನ್ನಡ ಶಬ್ದ ಬಂದಾಗಲೆಲ್ಲ ಅಂಚಿನಲ್ಲಿ ಅರ್ಥವನ್ನು ಬರೆದಿಟ್ಟುಕೊಂಡಿದ್ದನಂತೆ. ನಾನು ಕಲಿಸಬೇಕಾದುದನ್ನು ಅವನು ತಾನೇ ಕಲಿಯುತ್ತಿದ್ದ. ನಾನು ಅವನ ನಿಘಂಟನ್ನು ತೂಕಕ್ಕೆ ಹಾಕಿದ್ದೆ. ಮರುದಿನ ರದ್ದಿಯವನನ್ನು ಹುಡುಕಿಕೊಂಡು ಹೋದೆ. ಕಟ್ಟು ಆಗಲೇ ಊರು ಬಿಟ್ಟಿತ್ತು. ಹುಡುಗ ಮತ್ತೆ ಆ ವಹಿಯ ಮಾತೆತ್ತಲಿಲ್ಲ. ಕ್ಷಮಿಸೆಂದು ಕೇಳುವಷ್ಟು ದೊಡ್ಡತನ ಅಂದು ನನಗೂ ಬರಲಿಲ್ಲ.

ಅಂದಿನಿಂದ ಈ ಚಿತ್ರಗಳನ್ನು ಗಮನವಿಟ್ಟು ನೋಡತೊಡಗಿದೆ. ನೋಡಿದಷ್ಟೂ ನನಗೆ ಸ್ಪಷ್ಟವಾದುದು, ಇದು ಹೊರಗಿನಿಂದ ಬಂದ ಹುಡುಗಾಟಿಕೆ ಮಾತ್ರವಲ್ಲ ಎಂಬುದು. ಭೀಮಾತೀರದ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪವನ್ನು ಅಗೆದು ತೆಗೆದಾಗ ಚಿತ್ರ ಕೆತ್ತಿದ ಹಲಗೆಗಲ್ಲುಗಳು ದೊರೆತವು. ಚಿತ್ರದ ಜೊತೆಗೇ ಬ್ರಾಹ್ಮೀ ಲಿಪಿಯ ಪುಟ್ಟ ಬರಹ. ಒಂದರಲ್ಲಿ ರಾಜನ ಆಕೃತಿ, ಅಲ್ಲಿಯೇ ‘ರಾಯೋ ಅಸೋಕೋ’ ಎಂಬ ಹೆಸರು. ಚಿತ್ರವೂ ಅಕ್ಷರವೂ ಕೈಹಿಡಿದು ಕಥೆ ಹೇಳುವ ಪದ್ಧತಿ ನಮ್ಮ ಹೊಳೆದಂಡೆಗೆ ಹೊಸದಲ್ಲವೆಂದಾಯಿತು. ಕಲ್ಲು ಉಳಿಯಿತು, ಕಾಗದ ಉಳಿಯುವುದಿಲ್ಲ. ಆದ್ದರಿಂದಲೇ ಆಯ್ಕೆಯ ಪ್ರಶ್ನೆ ಏಳುತ್ತದೆ.

ಎಲ್ಲವನ್ನೂ ಇಡಲು ಯಾರ ಮನೆಯಲ್ಲಿಯೂ ಜಾಗವಿಲ್ಲ. ಹಾಗಾದರೆ ಯಾವುದನ್ನು ಇಡಬೇಕು? ನಾನು ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದೇನೆ. ಮಾತನ್ನು ಮುಚ್ಚಿದರೂ ಗೆರೆ ಅರ್ಥ ಕೊಡಬೇಕು. ಗೆರೆಯನ್ನು ಮುಚ್ಚಿ ಓದಿದರೆ ಮಾತು ಬದುಕಿರುವ ಜನರ ಮಾತಿನಂತೆ ಕೇಳಿಸಬೇಕು. ಮೂರನೆಯದಾಗಿ, ಅಂದಿನ ಸುದ್ದಿ ಮರೆತುಹೋದ ಮೇಲೆಯೂ ಅಂದಿನ ಬದುಕು ಅದರಲ್ಲಿ ಕಾಣಬೇಕು. ಮೂರರಲ್ಲಿ ಎರಡು ಇದ್ದರೆ ಕತ್ತರಿಗೆ ಕೆಲಸ ಕೊಡಿರಿ.

ಈ ಮೂರಕ್ಕೂ ನಿಲ್ಲುವವರಲ್ಲಿ ಮೊದಲಿಗರು ನಮ್ಮ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್. 1921ರಲ್ಲಿ ಹುಟ್ಟಿ, ವಿದ್ಯಾರ್ಥಿದೆಸೆಯಲ್ಲಿಯೇ ‘ಕೊರವಂಜಿ’ಗೆ ಚಿತ್ರ ಬರೆದವರು. 1942ರಲ್ಲಿ ‘ರಾಶಿ’ ಎಂಬ ಹೆಸರಿನ ಡಾ. ಎಂ. ಶಿವರಾಂ ಅವರು ಆರಂಭಿಸಿದ ಆ ಹಾಸ್ಯಪತ್ರಿಕೆ 1967ರವರೆಗೆ ಕನ್ನಡಿಗರನ್ನು ನಗಿಸಿತು. 1951ರಿಂದ ಲಕ್ಷ್ಮಣರ ‘ಶ್ರೀಸಾಮಾನ್ಯ’ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಕಾಣಿಸಿಕೊಂಡ. ಧೋತರ, ಚೌಕಳಿ ಕೋಟು, ಬೋಳುತಲೆಯ ಹಿಂಬದಿಯಲ್ಲಿ ನಾಲ್ಕು ಕೂದಲು. ಅವನು ಬಾಯಿ ಬಿಡುವುದಿಲ್ಲ, ನೋಡುತ್ತಾನೆ. ಆ ಮೌನವನ್ನು ಯಾವ ಭಾಷೆಗೂ ಅನುವಾದಿಸಬೇಕಾಗಿಲ್ಲ. ಚಿತ್ರದಲ್ಲಿದ್ದ ಮಂತ್ರಿಯ ಹೆಸರು ಇಂದು ನೆನಪಿಲ್ಲದಿದ್ದರೂ ರಸ್ತೆಯ ಗುಂಡಿ, ನೀರಿಲ್ಲದ ನಳ, ಕಚೇರಿಯ ಮುಂದಿನ ಸಾಲು ಗುರುತಾಗುತ್ತವೆ. ಇವನನ್ನು ಇಡಿರಿ.

ಕನ್ನಡ ಪತ್ರಿಕೆಗಳಲ್ಲಿ ‘ಪ್ರಜಾವಾಣಿ’ಯ ‘ಚಿನಕುರಳಿ’ಯನ್ನು ಇಡಿರಿ, ಬಹುಕಾಲ ಅದನ್ನು ಬರೆದ ಪಿ. ಮಹಮ್ಮದ್ ಅವರ ಚಿತ್ರಗಳನ್ನು ವಿಶೇಷವಾಗಿ ಇಡಿರಿ. ಅಂಗೈಯಗಲದ ಚೌಕಟ್ಟು, ಒಂದು ಸಾಲಿನ ಮಾತು. ನಾನು ಹತ್ತನೆಯ ತರಗತಿಯವರಿಗೆ ವ್ಯಾಜಸ್ತುತಿ ಅಲಂಕಾರವನ್ನು ಇಂಥ ಚಿತ್ರ ತೋರಿಸಿಯೇ ವಿವರಿಸುತ್ತೇನೆ. ಹೊಗಳಿದಂತೆ ತೋರಿಸಿ ತೆಗಳುವುದೆಂದರೇನೆಂದು ಲಕ್ಷಣ ಹೇಳಿದರೆ ಹತ್ತು ಮಂದಿಗೆ ತಿಳಿದೀತು. ಚಿತ್ರ ತೋರಿಸಿದರೆ ಕೊನೆಯ ಬೆಂಚೂ ನಗುತ್ತದೆ.

ಇನ್ನು ಫ್ಯಾಂಟಮ್. 1936ರಲ್ಲಿ ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಈ ವೀರನ ಬಗ್ಗೆ ನನ್ನದು ಅರೆಮನಸ್ಸಿನ ಒಪ್ಪಿಗೆ. ಕಾಡಿನ ಜನರೆಲ್ಲ ಒಬ್ಬ ಬಿಳಿಯನನ್ನು ನಂಬಿ ಬಾಳಬೇಕೆಂಬ ಕಲ್ಪನೆ ನನಗೆ ಇಂದಿಗೂ ಒಗ್ಗದು. 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಆರಂಭವಾದಾಗ ನಮ್ಮವರಿಗೂ ಸ್ವಲ್ಪ ಸಂಕೋಚವಾಗಿರಬೇಕು. ಬಂಗಾಳವನ್ನು ನೆನಪಿಸುತ್ತಿದ್ದ ಅವನ ನಾಡಿನ ಹೆಸರು ‘ಡೆಂಕಾಲಿ’ ಆಯಿತು, ‘ಸಿಂಗ್’ ಎಂಬ ಕಡಲ್ಗಳ್ಳರು ‘ಸಿಂಗಾ’ ಆದರು. ಆದರೂ ಇದನ್ನು ಇಡಿರಿ ಎನ್ನುತ್ತೇನೆ. ಹಳ್ಳಿಯ ಹುಡುಗರನ್ನು ಓದಿನ ರುಚಿಗೆ ಹಚ್ಚಿದ ಕನ್ನಡ ಅದರಲ್ಲಿದೆ. ಸಣ್ಣ ಸಾಲು, ಚುರುಕಾದ ಕ್ರಿಯಾಪದ. ಇಟ್ಟುಕೊಂಡು, ಅದರ ಹುಳುಕನ್ನೂ ಮಕ್ಕಳಿಗೆ ತಿಳಿಸಿ ಹೇಳಿರಿ.

ಪತ್ರಿಕೆಯ ಪಟ್ಟಿಯಲ್ಲದಿದ್ದರೂ ಒಂದು ಮಾತು. ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳಾಗಿ, 1965ರಲ್ಲಿ ಮೊದಲು ಹೊರಬಂದದ್ದು ಕನ್ನಡದಲ್ಲಿ. ಇಂಗ್ಲಿಷ್ ಮಾಲೆಯಲ್ಲಿ ‘ಕೃಷ್ಣ’ನ ಸಂಖ್ಯೆ ಹನ್ನೊಂದು ಎಂದಿರುವುದಕ್ಕೆ ಇದೇ ಕಾರಣ. ಯಾರ ಅಟ್ಟದ ಮೇಲಾದರೂ ಆ ಕನ್ನಡದ ಹತ್ತರಲ್ಲಿ ಒಂದಿದ್ದರೆ ದಯವಿಟ್ಟು ಇಲಿಗೆ ಬಿಡಬೇಡಿರಿ.

ಇಡಬೇಕಾಗಿಲ್ಲದವು ಯಾವುವು? ಹೆಂಡತಿಯ ಲಟ್ಟಣಿಗೆ, ಕುಡುಕನ ತೂರಾಟ, ಒಬ್ಬರ ಮೈಬಣ್ಣ, ಇನ್ನೊಬ್ಬರ ಉಗ್ಗು, ಇಷ್ಟನ್ನೇ ನಂಬಿದ ನಗೆ. ಪರಭಾಷೆಯ ಹಾಸ್ಯವನ್ನು ಪದಕ್ಕೆ ಪದ ಇಟ್ಟು ಕನ್ನಡಿಸಿದ ಪಟ್ಟಿಗಳನ್ನೂ ಬಿಡಿರಿ. ಓದಿದವನು ನಗಬೇಕೋ ತಲೆ ಕೆರೆದುಕೊಳ್ಳಬೇಕೋ ತಿಳಿಯದು. ಅವು ರದ್ದಿಗೇ ಸರಿ. ನನ್ನ ದೊಡ್ಡ ಕೊರಗು ಬೇರೆಯೇ ಇದೆ. ನಾನು ಕಂಡ ಚಿತ್ರಪಟ್ಟಿಗಳಲ್ಲಿ ನಮ್ಮ ಜೇವರ್ಗಿ, ಆಳಂದ, ಅಫಜಲಪುರದ ಮಾತು ಬಂದದ್ದು ತೀರ ವಿರಳ. ಬಂದರೂ ನಗಿಸುವ ಆಳಿನ ಬಾಯಲ್ಲಿ. ತೊಗರಿಯ ಹೊಲದಲ್ಲಿ ನಿಂತು ಬುದ್ಧಿಯ ಮಾತಾಡುವ ಹೆಣ್ಣುಮಗಳೊಬ್ಬಳು ನಮ್ಮ ನುಡಿಯಲ್ಲೇ ಮಾತಾಡುವ ಚಿತ್ರವನ್ನು ಯಾರಾದರೂ ಬರೆದರೆ, ಅದಕ್ಕಾಗಿ ನನ್ನ ಟ್ರಂಕಿನಲ್ಲಿ ಜಾಗ ಬಿಟ್ಟಿದ್ದೇನೆ.

ಗ್ರಂಥಾಲಯಗಳು ಇಡುತ್ತವೆಯಲ್ಲ, ನಮಗೇಕೆ ಈ ಉಸಾಬರಿ ಎನ್ನಬೇಡಿರಿ. ಅಮೆರಿಕದಲ್ಲಿ ಗ್ರಂಥಾಲಯಗಳು ಪತ್ರಿಕೆಗಳ ಮೈಕ್ರೋಫಿಲ್ಮ್ ಮಾಡಿಸಿ ಮೂಲ ಕಡತಗಳನ್ನು ಹೊರಹಾಕತೊಡಗಿದಾಗ, ಬಣ್ಣದ ಪಟ್ಟಿಗಳು ಕಪ್ಪು-ಬಿಳುಪಾಗಿ ಮಾತ್ರ ಉಳಿಯುವಂತಾಯಿತು. ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬ ಒಬ್ಬ ಓದುಗ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸಂಸ್ಥೆ ಕಟ್ಟಿ, ಆ ಕಡತಗಳನ್ನು ಬೇಡಿ ತಂದು ತನ್ನ ಮನೆಯ ತುಂಬ ಪೇರಿಸಿದ. 1998ರಲ್ಲಿ ಅದು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ತೂಕ 75 ಟನ್ನು. ಸಾಗಿಸಲು ಆರು ಲಾರಿ ಬೇಕಾದವು. ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯೂ ಒಂದು ಚಿತ್ರಶಾಲೆಯನ್ನು ನಡೆಸಿಕೊಂಡು ಬಂದಿದೆ. ಅಂಥ ಸಂಗ್ರಹಗಳಿಗೂ ಕೊನೆಗೆ ಆಧಾರ ಯಾರೋ ಒಬ್ಬರ ಮನೆಯ ಪೆಟ್ಟಿಗೆಯೇ.

ಇಡುವ ಕ್ರಮ ಸರಳ. ಕತ್ತರಿಸುವ ಮೊದಲು ಹಿಂಬದಿಯಲ್ಲಿಯೂ ಬೇಕಾದದ್ದು ಇದೆಯೇ ನೋಡಿರಿ. ಅಂಟು ಹಚ್ಚಬೇಡಿರಿ, ಕಾಗದ ಬೇಗ ಕೆಡುತ್ತದೆ. ಬಿಡಿಯಾಗಿ ಲಕೋಟೆಯಲ್ಲಿಟ್ಟು ಬಿಸಿಲು, ತೇವ ತಾಗದಂತೆ ಪೆಟ್ಟಿಗೆಗೆ ಹಾಕಿರಿ. ಮೊಬೈಲಿನಲ್ಲಿ ಚಿತ್ರ ತೆಗೆದರೂ ಮೂಲವನ್ನು ಎಸೆಯಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ ಪತ್ರಿಕೆಯ ಹೆಸರು, ತಾರೀಖು, ಚಿತ್ರಕಾರನ ಹೆಸರನ್ನು ಪೆನ್ಸಿಲಿನಿಂದ ಬರೆಯಿರಿ. ಕಾಲ ತಿಳಿಯದ ಶಾಸನವನ್ನು ಓದುವವನ ಕಷ್ಟ ನಮ್ಮಂಥವರಿಗೆ ಗೊತ್ತು.

ನಿಮ್ಮ ಮನೆಯ ಮಗು ಆಗಲೇ ಒಂದು ವಹಿಯಲ್ಲಿ ಹೀಗೆ ಅಂಟಿಸಿಟ್ಟುಕೊಂಡಿದ್ದರೆ, ಮೇಲಿನ ನಿಯಮಗಳನ್ನೆಲ್ಲ ಮರೆತುಬಿಡಿರಿ. ಆ ವಹಿಯನ್ನು ಕೇಳಿ ಪಡೆದು, ಅಂಚಿನಲ್ಲಿ ಏನು ಬರೆದಿದೆಯೆಂದು ಮೊದಲು ಓದಿರಿ.