ಅಂಗೈ ಮೇಲಿನ ವಿಮಾನ

ಜಯನಗರದಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಇಂಡಿಯನ್ ಏರ್‌ಲೈನ್ಸಿನ ವಿಮಾನಗಳಿಗೆ ಗಾಲಿ ಬದಲಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರ ಮೊಮ್ಮಗ ತನ್ನ ಮೊದಲ ಸಂಬಳದಲ್ಲಿ ತಾತನಿಗೊಂದು ಉಡುಗೊರೆ ತಂದ: ಅದೇ ಸಂಸ್ಥೆಯ ಏರ್‌ಬಸ್ ಎ-320 ವಿಮಾನದ ಲೋಹದ ಎರಕದ ಮಾದರಿ. ಬಿಳಿಯ ಮೈ, ಕಿತ್ತಳೆ ಬಣ್ಣದ ಬಾಲ, ನೋಡಲು ಮುದ್ದಾಗಿತ್ತು. ತಾತ ಕನ್ನಡಕ ಏರಿಸಿಕೊಂಡು ಅದನ್ನು ಮಗುಚಿ ನೋಡಿದರು.

"ಬಹಳ ಚೆನ್ನಾಗಿದೆ ಕಣಪ್ಪ. ಆದರೆ ಮಿಕ್ಕ ಗಾಲಿಗಳೆಲ್ಲಿ?" ಎಂದರು.

ಹುಡುಗನ ಮುಖ ಸಪ್ಪಗಾಯಿತು. ಇಂಥ ಮಾದರಿಗಳನ್ನು ಕೂಡಿಡುವ ಹವ್ಯಾಸ ನನಗಿರುವುದರಿಂದ, ತೀರ್ಪು ಹೇಳಲು ನನ್ನನ್ನು ಕರೆದರು. ಅಂದು ನಾನು ನೋಡಿದ ಕ್ರಮವನ್ನೇ ನಿಮ್ಮ ಮುಂದಿಡುತ್ತೇನೆ. ನೀವೂ ಇಂಥದೊಂದನ್ನು ಕೊಳ್ಳುವಾಗ ಉಪಯೋಗಕ್ಕೆ ಬಂದೀತು.

ಮೊದಲನೆಯದು ಅಳತೆ. ಪೆಟ್ಟಿಗೆಯ ಮೇಲೆ 1:200 ಅಥವಾ 1:400 ಎಂದು ಬರೆದಿರುತ್ತದೆ. ಅದನ್ನು ಹಾಗೆಯೇ ನಂಬಬೇಡಿ. ಶಾಲೆಯ ಮಕ್ಕಳ ಅಳತೆಪಟ್ಟಿಯೊಂದಿದ್ದರೆ ಸಾಕು. ಎ-320ರ ಉದ್ದ 37.57 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 34 ಮೀಟರ್. ಇನ್ನೂರರಲ್ಲಿ ಒಂದು ಪಾಲಾದರೆ ಉದ್ದ 188 ಮಿಲಿಮೀಟರ್, ಅಗಲ 170. ನಾನೂರರಲ್ಲಿ ಒಂದಾದರೆ 94 ಮತ್ತು 85. ನಮ್ಮ ಹುಡುಗ ತಂದದ್ದು ಇನ್ನೂರರ ಮಾದರಿ. ಅಳೆದು ನೋಡಿದೆವು, ಲೆಕ್ಕ ಸರಿಯಾಗಿತ್ತು.

ಎರಡನೆಯದು ಆಕಾರ. ಬೆಳ್ಳಗಿರುವುದೆಲ್ಲ ಹಾಲಲ್ಲ; ಬಣ್ಣ ಸರಿಯಿದ್ದ ಮಾತ್ರಕ್ಕೆ ವಿಮಾನ ಅದೇ ಆಗುವುದಿಲ್ಲ. ತಯಾರಕರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಹತ್ತು ಸಂಸ್ಥೆಗಳ ಬಣ್ಣ ಬಳಿದು ಮಾರುವುದುಂಟು. ಆದ್ದರಿಂದ ಎಂಜಿನ್ನನ್ನು ನೋಡಿ. ಇಂಡಿಯನ್ ಏರ್‌ಲೈನ್ಸ್ 1989ರಿಂದ ತರಿಸಿದ ಎ-320ಗಳಿಗೆ ವಿ-2500 ಎಂಬ ಎಂಜಿನ್ನಿತ್ತು. ಅದರ ಹೊದಿಕೆ ಉದ್ದವಾಗಿ, ಹಿಂಬದಿಯವರೆಗೆ ನುಣುಪಾಗಿ ಇಳಿಯುತ್ತದೆ. ಇನ್ನೊಂದು ಬಗೆಯಾದ ಸಿ.ಎಫ್.ಎಂ.-56ರಲ್ಲಿ ಹೊದಿಕೆ ಮೊದಲೇ ಮುಗಿದು, ಒಳಗಿನ ಕೊಳವೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ರೆಕ್ಕೆಯ ತುದಿಯನ್ನೂ ಗಮನಿಸಿ. ಹಳೆಯ ವಿಮಾನಗಳ ತುದಿಯಲ್ಲಿ ಮೇಲಕ್ಕೂ ಕೆಳಕ್ಕೂ ಚಾಚಿದ ಚಿಕ್ಕ ತಗಡಿತ್ತು. ಮೇಲಕ್ಕೆ ಬಾಗಿದ ಎತ್ತರದ ತುದಿ ಬಂದದ್ದು 2012ರ ಕೊನೆಯ ಹೊತ್ತಿಗೆ. ಇವೆರಡರಲ್ಲೂ ನಮ್ಮ ಮಾದರಿ ಗೆದ್ದಿತು.

ಸೋತದ್ದು ಗಾಲಿಯಲ್ಲಿ. ಲೋಕದ ಬೇರೆಡೆಯ ಎ-320ಗಳಿಗೆ ರೆಕ್ಕೆಯ ಕೆಳಗಿನ ಒಂದೊಂದು ಕಾಲಿಗೆ ಎರಡೆರಡು ಗಾಲಿ. ಇಂಡಿಯನ್ ಏರ್‌ಲೈನ್ಸ್ ತರಿಸಿದವುಗಳಿಗೆ ನಾಲ್ಕು ನಾಲ್ಕು! ಅಷ್ಟು ಗಟ್ಟಿಯಿಲ್ಲದ ಓಡುದಾರಿಗಳ ಮೇಲೂ ಇಳಿಯಬೇಕಾಗಿದ್ದುದರಿಂದ, ಭಾರ ಹೆಚ್ಚು ಗಾಲಿಗಳ ಮೇಲೆ ಹಂಚಿಹೋಗಲೆಂದು ಈ ಏರ್ಪಾಡು. ತಾತನವರು ಬಗ್ಗಿ ಬೆನ್ನು ಸವೆಸಿದ್ದು ಆ ನಾಲ್ಕು ಗಾಲಿಗಳ ಮುಂದೆ. ಮಾದರಿಯಲ್ಲಿ ಎರಡೇ ಇದ್ದವು.

ಮೂರನೆಯದು ಕೈಕೆಲಸ. ಈ ಮಾದರಿಗಳ ಲೋಹ ಬಹುಪಾಲು ಸತು. ಅದಕ್ಕೆ ನೂರಕ್ಕೆ ನಾಲ್ಕರಷ್ಟು ಅಲ್ಯುಮಿನಿಯಂ ಬೆರೆಸಿ, ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸುತ್ತಾರೆ. ಅಚ್ಚಿನ ಎರಡು ಹೋಳು ಸೇರುವ ಕಡೆ ಗೆರೆ ಉಳಿದಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ರೆಕ್ಕೆ ಮೈಗೆ ಕೂಡುವಲ್ಲಿ ಸಂದು ಬಿಟ್ಟಿದೆಯೇ? ಮುಂದಿನಿಂದ ನೋಡಿದಾಗ ಎರಡು ರೆಕ್ಕೆಗಳೂ ಒಂದೇ ಸಮನಾಗಿ ಮೇಲಕ್ಕೆ ಏರಿವೆಯೇ? ಹಳೆಯ ಮಾದರಿ ಕೊಳ್ಳುವುದಾದರೆ ಬಿರುಕುಗಳನ್ನು ಹುಡುಕಿ. ಸತುವಿನಲ್ಲಿ ಸೀಸದ ಕಲಬೆರಕೆಯಿದ್ದರೆ, ತೇವದ ಹವೆಯಲ್ಲಿ ವರ್ಷಗಳು ಕಳೆದಂತೆ ಲೋಹವೇ ಒಳಗಿಂದ ಒಡೆದು ಉದುರುತ್ತದೆ. ಅದಕ್ಕೆ ಮದ್ದಿಲ್ಲ.

ಆದರೆ ಪರೀಕ್ಷಕನಿಗೂ ನ್ಯಾಯಬುದ್ಧಿ ಬೇಕು. ಎರಡು ಸೆಂಟಿಮೀಟರ್ ದಪ್ಪದ ಆಂಟೆನಾ 1:200ರಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗವಾಗಬೇಕು. ಹಾಗೆ ಮಾಡಿದರೆ ಮುಟ್ಟಿದೊಡನೆ ಮುರಿದೀತು. ಇಲ್ಲಿ ತುಸು ದಪ್ಪವಾದರೆ ಅದು ತಪ್ಪಲ್ಲ, ಅನಿವಾರ್ಯ. ಗಾಲಿಗಳ ಎಣಿಕೆ ತಪ್ಪಿದರೆ ಮಾತ್ರ ಅದು ಅನಿವಾರ್ಯವಲ್ಲ, ಅಲಕ್ಷ್ಯ.

ಕೊನೆಯದಾಗಿ ಬಾಲದ ಬಳಿಯ ನೋಂದಣಿಯ ಅಕ್ಷರಗಳನ್ನು ಓದಿ. ಅವು ಅಲಂಕಾರಕ್ಕೆ ಬರೆದವಲ್ಲ. ಒಂದೊಂದು ವಿಮಾನದ ಹೆಸರು. ವಿಟಿ-ಇಪಿಎನ್ ಎಂಬ ಎ-320 ಬೊಂಬಾಯಿಯಿಂದ ಹೊರಟು, 1990ರ ಫೆಬ್ರವರಿ 14ರಂದು ನಮ್ಮ ಎಚ್.ಎ.ಎಲ್. ನಿಲ್ದಾಣವನ್ನು ಇನ್ನೇನು ಮುಟ್ಟಬೇಕೆನ್ನುವಾಗ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಮಾದರಿಯ ಅಕ್ಷರಗಳನ್ನು ಓದುವ ಮೊದಲು ತಾತನವರ ಕೈ ತಡೆದದ್ದನ್ನು ನಾನು ಕಂಡೆ. ಅಕ್ಷರಗಳು ಬೇರೆಯವಾಗಿದ್ದವು. ಅವರು ನಿಟ್ಟುಸಿರು ಬಿಟ್ಟರು.

ಆ ನಾಲ್ಕು ಗಾಲಿಯ ವಿಮಾನಗಳು ಈಗ ಹಾರುವುದಿಲ್ಲ. ಸಂಸ್ಥೆಯ ಹೆಸರೂ ಉಳಿದಿಲ್ಲ. ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದುವು. ನಾಳೆ ಒಂದು ಮಗು ಆ ವಿಮಾನ ಹೇಗಿತ್ತೆಂದು ಕೇಳಿದರೆ, ಕೈಗೆ ಸಿಗುವುದು ಇಂಥ ಮಾದರಿಯೇ. ಅದು ಸುಳ್ಳು ಹೇಳಿದರೆ ಸರಿಪಡಿಸುವವರು ಎಷ್ಟು ದಿನ ಇದ್ದಾರು?

ನನ್ನ ತೀರ್ಪು ಇಷ್ಟು: ಅಳತೆ ಸರಿ, ಎಂಜಿನ್ ಸರಿ, ಕೈಕೆಲಸ ಉತ್ತಮ, ಗಾಲಿ ತಪ್ಪು. "ಅಂಗಡಿಗೆ ಹಿಂದಿರುಗಿಸಲೇ ತಾತ?" ಎಂದು ಹುಡುಗ ಕೇಳಿದ.

"ಬೇಡಪ್ಪ, ನೀನು ತಂದದ್ದಲ್ಲವೇ," ಎಂದು ಅವರು ಒಂದು ಚೀಟಿ ತರಿಸಿ, ತಮ್ಮ ನಡುಗುವ ಅಕ್ಷರಗಳಲ್ಲಿ ಬರೆದು, ಮಾದರಿಯ ಪೀಠದಡಿಗೆ ಅಂಟಿಸಿದರು: "ಒಂದೊಂದು ಕಾಲಿಗೆ ಗಾಲಿ ನಾಲ್ಕು. ನಾನೇ ಬದಲಿಸಿದ್ದೇನೆ."